ಯುರೋಪಿನಲ್ಲಿ ಪ್ರೊ ಕಾಂಟ್ರ್ಯಾಕ್ಟ್ ಕೊಡಿಸ್ತೀನಿ ಅನ್ನೋ ‘ಏಜೆಂಟ್’ಗೆ ದುಡ್ಡು ಕಳಿಸಬೇಡಿ

ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿರುವ ಮನೆಯವರು, ಕ್ಲಬ್ ಕೋಚ್‌ಗಳು, ಸೀನಿಯರ್ ನ್ಯಾಷನಲ್ಸ್ ಆಡಿ ಮುಂದೇನು ಅಂತ ನೋಡ್ತಿರೋ ಹುಡುಗರು, ಹುಡುಗಿಯರು, ದಯವಿಟ್ಟು ಪೂರ್ತಿ ಓದಿ. ದುಡ್ಡು ಕಟ್ಟುವ ಮುಂಚೆ ಓದಿ.

ನಮ್ಮ ಕಡೆಯ ಹುಡುಗ ಒಬ್ಬ, ಆರಡಿ ಏಳಿಂಚು, ರಾಜ್ಯ ತಂಡಕ್ಕೆ ಆಡಿದವನು, ಸ್ಪೇನಿನ ಕೆಳಹಂತದ ಲೀಗಿನ ಕ್ಲಬ್ಬೊಂದಕ್ಕೆ ‘ಸೈನ್’ ಆಗಿ ಹೋದ. ಒಂದೇ ಒಂದು ಲೀಗ್ ಮ್ಯಾಚ್ ಆಡದೆ, ಎರಡು ಸಾವಿರ ಯೂರೋ ಕಳ್ಕೊಂಡು, ಊದಿದ ಹಿಮ್ಮಡಿ ಹೊತ್ತು ವಾಪಸ್ ಬಂದ. ಟಿಕೆಟ್ ದುಡ್ಡು ಬೇರೆ. ಊರವರು ಫ್ಲೆಕ್ಸ್ ಕಟ್ಟಿಸಿ, ಹಾರ ಹಾಕಿ ಕಳಿಸಿದ್ದರು. ಈಗ ಅವರಪ್ಪ ಬಸ್ ಸ್ಟ್ಯಾಂಡ್ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ತಲೆ ತಗ್ಗಿಸಬೇಕಾದ ಆ ‘ಏಜೆಂಟ್’ ಮಾತ್ರ ಇವತ್ತಿಗೂ ಇನ್‌ಸ್ಟಾಗ್ರಾಮಿನಲ್ಲಿ ಹೊಸ ಹುಡುಗರ ಜೊತೆ ಫೋಟೋ ಹಾಕ್ತಿದ್ದಾನೆ.

ಶುರುವಾಗಿದ್ದು ಒಂದು ಮೆಸೇಜಿನಿಂದ. “ನಿನ್ನ ಹೈಲೈಟ್ಸ್ ನೋಡಿದೆ ಬ್ರೋ, ಸ್ಪೇನಿನ ಒಂದು ಕ್ಲಬ್ಬಿಗೆ ನಿನ್ನಂಥ ಫಾರ್ವರ್ಡ್ ಅರ್ಜೆಂಟಾಗಿ ಬೇಕು.” ಹಿಂದೆಯೇ ಸತ್ನಾಮ್ ಸಿಂಗ್ ಹೆಸರು, ಅಮ್ಜ್ಯೋತ್ ಸಿಂಗ್ ಹೆಸರು. ಇಂಡಿಯನ್ನರಿಗೆ ಈಗ ಡಿಮ್ಯಾಂಡ್ ಅಂತೆ. ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಸತ್ನಾಮ್ 2010ರಲ್ಲಿ ಲೂಧಿಯಾನ ಅಕಾಡೆಮಿಯಿಂದ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಐಎಂಜಿ ಅಕಾಡೆಮಿಗೆ ಹೋಗಿ, ಐದು ವರ್ಷ ಬೆವರು ಸುರಿಸಿ, 2015ರ ಎನ್‌ಬಿಎ ಡ್ರಾಫ್ಟಿನಲ್ಲಿ (ಅಮೆರಿಕದ ದೊಡ್ಡ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) 52ನೆಯವನಾಗಿ ಡಲ್ಲಾಸ್ ತಂಡದ ಪಾಲಾದವನು. ಅಮ್ಜ್ಯೋತ್, ಅಮೃತ್‌ಪಾಲ್ ಇಬ್ಬರೂ ಭಾರತ ತಂಡದಲ್ಲಿ ವರ್ಷಗಟ್ಟಲೆ ಆಡಿ, ಜಪಾನಿನಲ್ಲಿ ಆಡಿ, ಆಮೇಲೆ ಒಬ್ಬ ಅಮೆರಿಕದ ಒಕ್ಲಹೋಮ ಸಿಟಿ ಬ್ಲೂ ತಂಡ, ಇನ್ನೊಬ್ಬ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ತಲುಪಿದರು. ಭಾರತದ ಆಟಗಾರ್ತಿ ಗೀತು ಅನ್ನ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಹೋದದ್ದೂ ಆಟದ ಬಲದ ಮೇಲೆ. ‘ಫೈಲ್ ಚಾರ್ಜ್’ ಕಟ್ಟಿ ಈ ದಾರಿ ಹಿಡಿದವರಲ್ಲ ಇವರು. ಅವರ ಹೆಸರನ್ನು ಗಾಳಕ್ಕೆ ಸಿಕ್ಕಿಸಿ ನಮ್ಮ ಹುಡುಗರನ್ನು ಹಿಡಿಯುತ್ತಾರಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ದುಡ್ಡು ಕೇಳಿದ್ದು ಮೂರು ಕಂತಿನಲ್ಲಿ. ರಿಜಿಸ್ಟ್ರೇಷನ್ ಅಂತ 600 ಯೂರೋ. ಲೆಟರ್ ಆಫ್ ಕ್ಲಿಯರೆನ್ಸ್ ಅಂತ 450. ವೀಸಾ ಫೈಲ್ ಅಂತ 950. ಎಲ್ಲವೂ ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ. ಕ್ಲಬ್ಬಿನ ಖಾತೆಗೆ ಒಂದು ರೂಪಾಯಿಯೂ ಹೋಗಿಲ್ಲ. ಇದಕ್ಕೆ ಪ್ರತಿಯಾಗಿ ಬಂದದ್ದು ಎರಡು ಪುಟದ ಕಾಂಟ್ರ್ಯಾಕ್ಟ್: ತಿಂಗಳಿಗೆ 1,500 ಯೂರೋ ಕೈಗೆ, ಇರಲು ಫ್ಲ್ಯಾಟ್, ಹೋಗಿಬರುವ ಟಿಕೆಟ್ ದುಡ್ಡು ಮೊದಲ ಸಂಬಳದ ಜೊತೆ ವಾಪಸ್. ಮೇಲೆ ಕ್ಲಬ್ ಲೋಗೋ, ಕೆಳಗೆ ಸೀಲು.

ಈ ವ್ಯವಹಾರ ಸರಿಯಾಗಿ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದವರಿಗೆ ಆ ಎರಡು ಪುಟದಲ್ಲೇ ಎಲ್ಲ ಕಾಣುತ್ತೆ. ಏಜೆಂಟಿಗೆ ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಲೈಸೆನ್ಸ್ ಇರಬೇಕು. ಪರೀಕ್ಷೆ ಬರೆದು ಪಡೆಯುವ ಲೈಸೆನ್ಸ್ ಅದು, ಯಾರ್ಯಾರಿಗೆ ಇದೆ ಅನ್ನೋ ಪಟ್ಟಿ ಫಿಬಾ ವೆಬ್‌ಸೈಟಿನಲ್ಲೇ ಸಿಗುತ್ತೆ. ಏಜೆಂಟಿನ ಪಾಲು ವಾಡಿಕೆಯಂತೆ ಸಂಬಳದ 10 ಶೇಕಡಾ, ಯುರೋಪಿನಲ್ಲಿ ಸಾಮಾನ್ಯವಾಗಿ ಅದನ್ನು ಕೊಡುವುದು ಕ್ಲಬ್ಬು. ಅಂದರೆ ನಿಮಗೆ ಕೆಲಸ ಸಿಕ್ಕ ಮೇಲೆಯೇ ಅವನಿಗೆ ದುಡ್ಡು. ಇಲ್ಲಿ ಕೆಲಸ ಇಲ್ಲದೆಯೇ ಅವನಿಗೆ ದುಡ್ಡು ಸಿಕ್ಕಿತ್ತು. ಇನ್ನು ಅವನು ಯಾಕೆ ಕ್ಲಬ್ ಹುಡುಕ್ತಾನೆ?

ಲೆಟರ್ ಆಫ್ ಕ್ಲಿಯರೆನ್ಸ್ ವಿಷಯ ಎಲ್ಲಕ್ಕಿಂತ ಮುಖ್ಯ, ನಮ್ಮವರಿಗೆ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಒಂದು ದೇಶದ ಫೆಡರೇಷನ್ನಿನಲ್ಲಿ ಆಡಿದವನು ಇನ್ನೊಂದು ದೇಶದಲ್ಲಿ ಆಡಬೇಕಾದರೆ ಹಳೇ ಫೆಡರೇಷನ್ನಿನ ಒಪ್ಪಿಗೆ ಪತ್ರ ಬೇಕು. ಅದನ್ನು ಕೇಳುವುದು ಆಟಗಾರ ಅಲ್ಲ, ಏಜೆಂಟೂ ಅಲ್ಲ. ಕರೆಸಿಕೊಳ್ಳುವ ಕ್ಲಬ್ಬು ತನ್ನ ದೇಶದ ಫೆಡರೇಷನ್ನಿಗೆ ಹೇಳುತ್ತೆ. ಆ ಫೆಡರೇಷನ್ ಫಿಬಾದ ಆನ್‌ಲೈನ್ ವ್ಯವಸ್ಥೆಯಲ್ಲಿ ನಮ್ಮ ಬಿಎಫ್‌ಐಗೆ, ಅಂದರೆ ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿಗೆ ಕೋರಿಕೆ ಹಾಕುತ್ತೆ. ವಾರದೊಳಗೆ ಉತ್ತರ ಕೊಡಬೇಕು ಅಂತ ನಿಯಮ. ತಡೆಹಿಡಿಯಬಹುದಾದ ಕಾರಣ ಅಂದರೆ ಹಳೇ ಕ್ಲಬ್ಬಿನ ಜೊತೆ ಕಾಂಟ್ರ್ಯಾಕ್ಟ್ ಇನ್ನೂ ಬಾಕಿ ಇರುವುದು. ಇದಕ್ಕೆ ಹುಡುಗನ ಜೇಬಿಂದ 450 ಯೂರೋ ಕೇಳಿದ ಅಂದರೆ ಅಲ್ಲೇ ಫೋನ್ ಇಡಬೇಕು. ಹದಿನೆಂಟು ತುಂಬದ ಮಕ್ಕಳ ಅಂತರರಾಷ್ಟ್ರೀಯ ವರ್ಗಾವಣೆ ವಿಶೇಷ ಸಂದರ್ಭ ಬಿಟ್ಟರೆ ಇಲ್ಲವೇ ಇಲ್ಲ. ಆದರೂ ಇದೇ ಮನುಷ್ಯ ಪಿಯುಸಿ ಹುಡುಗನೊಬ್ಬನಿಗೂ ಮೆಸೇಜ್ ಮಾಡಿದ್ದಾನೆ.

ವೀಸಾ? ಸಂಬಳಕ್ಕೆ ಆಡಲು ಕೆಲಸದ ಪರವಾನಗಿ ಬೇಕು, ಸ್ಪೇನಿನಲ್ಲಿ ಅದಕ್ಕೆ ಅರ್ಜಿ ಹಾಕಬೇಕಾದವನು ಕೆಲಸ ಕೊಡುವವನು, ಅಂದರೆ ಕ್ಲಬ್ಬು. ಇವನು ಮಾಡಿಸಿದ್ದು ‘ಟ್ರೈನಿಂಗ್ ಕ್ಯಾಂಪ್’ ಆಹ್ವಾನ ಪತ್ರದ ಮೇಲೆ ಅಲ್ಪಾವಧಿ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ. 180 ದಿನದಲ್ಲಿ 90 ದಿನ ಇರಬಹುದು, ಅಷ್ಟೇ. ಅದರ ಸರ್ಕಾರಿ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಇವನು ತಗೊಂಡದ್ದು 950. ಯುರೋಪಿನ ಸೀಸನ್ ಸೆಪ್ಟೆಂಬರ್-ಅಕ್ಟೋಬರಿಗೆ ಶುರುವಾಗಿ ಮೇ ತನಕ ಇರುತ್ತೆ. 90 ದಿನದ ವೀಸಾದಲ್ಲಿ ಯಾವ ಸೀಸನ್ ಆಡ್ತಾನೆ ಹುಡುಗ?

ಅಲ್ಲಿ ಇಳಿದ ಮೇಲೆ ಕಂಡದ್ದು ಇದು. ಒಂದು ಫ್ಲ್ಯಾಟಿನಲ್ಲಿ ಎಂಟು ಜನ, ನಾಲ್ಕೈದು ದೇಶದವರು, ಎಲ್ಲರ ಹತ್ತಿರವೂ ಅದೇ ಎರಡು ಪುಟ, ಅದೇ ಸೀಲು. ಬೆಳಿಗ್ಗೆ ಬಾಡಿಗೆ ಜಿಮ್ಮಿನಲ್ಲಿ ಎರಡು ಗಂಟೆ ಪ್ರಾಕ್ಟೀಸ್, ವಾರಕ್ಕೊಮ್ಮೆ ಹವ್ಯಾಸಿ ತಂಡಗಳ ಮೇಲೆ ಫ್ರೆಂಡ್ಲಿ. ಅದಕ್ಕೆ ‘ಶೋಕೇಸ್’ ಅಂತ ಹೆಸರು. ಕ್ಲಬ್ಬಿನ ಆಫೀಸಿಗೆ ಹುಡುಗ ತಾನೇ ನಡೆದು ಹೋಗಿ ಕಾಂಟ್ರ್ಯಾಕ್ಟ್ ತೋರಿಸಿದಾಗ ಅಲ್ಲಿದ್ದ ಹೆಂಗಸು ಎರಡೂ ಪುಟ ಓದಿ ಹೇಳಿದ್ದು: “ಇದು ನಮ್ಮ ಸೀಲ್ ಅಲ್ಲ. ಅವರಿಗೆ ಹಾಲ್ ಬಾಡಿಗೆಗೆ ಕೊಟ್ಟಿದ್ದೇವೆ, ಅಷ್ಟೇ ಸಂಬಂಧ.”

ಆಗ ಶುರುವಾಯ್ತು ನೋಡಿ ಉತ್ತರಗಳು. ಮೊದಲು, “ಬ್ರೋ ರಿಲ್ಯಾಕ್ಸ್, ಆಫೀಸಿನವರಿಗೆ ಗೊತ್ತಿರಲ್ಲ, ಪ್ರೆಸಿಡೆಂಟ್ ಜೊತೆ ಮಾತಾಡಿದ್ದೀನಿ.” ಆಮೇಲೆ, “ಕ್ಲಿಯರೆನ್ಸ್ ಬಂದಿಲ್ಲ, ನಿಮ್ಮ ಇಂಡಿಯಾ ಫೆಡರೇಷನ್ ನಿಧಾನ, ನಾನೇನು ಮಾಡಲಿ?” ಈ ಮಾತನ್ನು ನಂಬಿ ಮನೆಯವರು ನಮ್ಮ ಫೆಡರೇಷನ್ನನ್ನೇ ಬೈಕೊಂಡು ಕೂತಿದ್ದರು. ಕೊನೆಗೆ ವಿಚಾರಿಸಿದರೆ, ಆ ಹುಡುಗನ ಹೆಸರಲ್ಲಿ ಸ್ಪೇನಿನಿಂದ ಯಾವ ಕೋರಿಕೆಯೂ ಬಂದೇ ಇಲ್ಲ. ಬಂದೇ ಇಲ್ಲ! 450 ಯೂರೋ ತಗೊಂಡು, ಹಾಕದ ಅರ್ಜಿಯನ್ನು ನಮ್ಮ ಫೆಡರೇಷನ್ನಿನವರು ತಡ ಮಾಡ್ತಿದ್ದಾರೆ ಅಂತ ಹೇಳಿದ್ದ. ಅಪ್ಪ ಅಮ್ಮ ಆ ಮಾತು ಕೇಳಿ ಫೋನ್ ಹಿಡಿದು ನಿಂತ ರೀತಿ ಮರೆಯೋಕಾಗಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ವಾಯ್ಸ್ ಮೆಸೇಜ್: “ನಾಲ್ಕನೇ ಕಲಂ ಓದು.” ಓದಿದರೆ, “ಟ್ರಯಲ್ ಅವಧಿ ತೃಪ್ತಿಕರವಾಗಿ ಮುಗಿದು, ಲೈಸೆನ್ಸ್ ಸಿಕ್ಕ ದಿನದಿಂದ ಈ ಕಾಂಟ್ರ್ಯಾಕ್ಟ್ ಜಾರಿಗೆ” ಅಂತ. ಟ್ರಯಲ್ ಎಷ್ಟು ದಿನ, ಯಾರು ತೀರ್ಮಾನಿಸುವವರು, ಎಲ್ಲೂ ಇಲ್ಲ. ಆ ಲೈಸೆನ್ಸಿಗೆ, ಅಂದರೆ ಹುಡುಗ ಅಲ್ಲಿ ಆಡಲು ಬೇಕಾದ ನೋಂದಣಿಗೆ, ಅರ್ಜಿಯನ್ನೇ ಹಾಕಿಲ್ಲ, ಅಂದಮೇಲೆ ಕಾಂಟ್ರ್ಯಾಕ್ಟ್ ಯಾವತ್ತೂ ಜಾರಿಯಾಗಲ್ಲ. ಕೊನೇ ಉತ್ತರ ಇದು: “ನಿನ್ನ ಫಿಟ್ನೆಸ್ ಸಾಲದು, ಡಿಫೆನ್ಸಿನಲ್ಲಿ ಕಾಲು ಓಡಲ್ಲ, ನಾನು ನಿನಗೆ ಅವಕಾಶ ಕೊಟ್ಟೆ, ಥ್ಯಾಂಕ್ಸ್ ಹೇಳು.” ಅಷ್ಟು ಹೇಳಿ ಬ್ಲಾಕ್. ದುಡ್ಡಿಗಿಂತ ಆ ಮಾತು ಹುಡುಗನಿಗೆ ಜಾಸ್ತಿ ನಾಟಿದೆ. ಇವತ್ತಿಗೂ ಆಡಲು ಕೋರ್ಟಿಗೆ ಇಳಿಯುವಾಗ ಅದನ್ನೇ ಹೇಳ್ತಾನೆ.

ಹಿಮ್ಮಡಿ ವಿಷಯ ಕೂಡ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಬೇಕು, ಅದು ಇತ್ತು. ಆದರೆ ಸಾಮಾನ್ಯ ಪ್ರಯಾಣ ವಿಮೆಯಲ್ಲಿ ವೃತ್ತಿಪರ ಕ್ರೀಡೆಯ ಗಾಯವನ್ನು ಹೊರಗಿಟ್ಟಿರುತ್ತಾರೆ. ಸ್ಕ್ಯಾನ್ ದುಡ್ಡು ಮನೆಯಿಂದಲೇ ಹೋಯ್ತು. ನಿಜವಾದ ಕಾಂಟ್ರ್ಯಾಕ್ಟಿನಲ್ಲಿ ವೈದ್ಯಕೀಯ ವಿಮೆ ಕ್ಲಬ್ಬಿನ ಹೊಣೆ ಅಂತ ಬರೆದಿರುತ್ತೆ.

ಇನ್ನೇನೇನು ಬರೆದಿರಬೇಕು ಅಂದರೆ, ಶುರು ಮತ್ತು ಮುಗಿಯುವ ದಿನಾಂಕ, ಸಂಬಳ ತೆರಿಗೆ ಕಳೆದು ಕೈಗೆ ಎಷ್ಟು, ಯಾವ ತಾರೀಖು, ತಡವಾದರೆ ದಂಡ ಎಷ್ಟು, ಇಷ್ಟು ದಿನ ಕೊಡದಿದ್ದರೆ ಆಟಗಾರ ಬಿಟ್ಟು ಹೋಗಬಹುದು ಮತ್ತು ಪೂರ್ತಿ ಹಣ ಬಾಕಿ ಅಂತ. ಮೆಡಿಕಲ್ ಟೆಸ್ಟ್ ಬಂದಿಳಿದ ಎರಡು ಮೂರು ದಿನದೊಳಗೆ ಮುಗಿಯಬೇಕು, ಅದರಲ್ಲಿ ಪಾಸಾದ ಮೇಲೆ ‘ಆಟ ಸಾಲದು’ ಅಂತ ಕಳಿಸುವ ಹಾಗಿಲ್ಲ ಅನ್ನೋ ಸಾಲು ಇರಬೇಕು. ಎಲ್ಲಕ್ಕಿಂತ ಮೇಲೆ ಬ್ಯಾಟ್ ಕಲಂ, ಅಂದರೆ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್. ಜಿನೀವಾದ ಈ ಮಧ್ಯಸ್ಥಿಕೆ ಮಂಡಳಿ 2007ರಿಂದ ಇದೆ. ಅದು ಕೊಟ್ಟ ತೀರ್ಪನ್ನು ಕ್ಲಬ್ ಪಾಲಿಸದಿದ್ದರೆ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಹುದು, ಅದಕ್ಕೇ ಕ್ಲಬ್ಬುಗಳು ಹೆದರುವುದು. ಆದರೆ ಎರಡೂ ಕಡೆಯವರು ಒಪ್ಪಿದ ಕಲಂ ಇದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಅದರ ಮಾದರಿ ವಾಕ್ಯ ಅವರ ವೆಬ್‌ಸೈಟಿನಲ್ಲೇ ಇದೆ, ಒಂದಕ್ಷರ ಬದಲಿಸದೆ ಹಾಕಿಸಿ. ಈ ಹುಡುಗನ ಕಾಂಟ್ರ್ಯಾಕ್ಟಿನಲ್ಲಿ ಇದ್ದದ್ದು “ವಿವಾದಗಳನ್ನು ಏಜೆಂಟರು ಸೌಹಾರ್ದದಿಂದ ಬಗೆಹರಿಸುತ್ತಾರೆ.” ಮೋಸ ಮಾಡಿದವನೇ ಪಂಚಾಯ್ತಿದಾರ!

ಇನ್ನೊಂದು ನಿಜ ಹೇಳಲೇಬೇಕು. ದುಡ್ಡು ಕಟ್ಟುವ ಟ್ರಯಲ್‌ಗಳೆಲ್ಲ ಮೋಸ ಅಲ್ಲ. ಅಮೆರಿಕದ ಜಿ ಲೀಗ್ (ಎನ್‌ಬಿಎ ಕೆಳಗಿನ ಲೀಗ್) ತಂಡಗಳು ಫೀಸ್ ತಗೊಂಡೇ ಓಪನ್ ಟ್ರಯಲ್ ನಡೆಸುತ್ತವೆ. ಆದರೆ ಅವು ಟ್ರಯಲ್ ಅಂತಲೇ ಹೇಳುತ್ತವೆ, ಕಾಂಟ್ರ್ಯಾಕ್ಟ್ ಅಂತ ಹೇಳಲ್ಲ. ಹೊರದೇಶದವರಿಗೆ ಜಾಗ ಎಷ್ಟು ಕಮ್ಮಿ ಅನ್ನೋದೂ ತಿಳಿದಿರಲಿ. ಜರ್ಮನಿಯ ಮೇಲಿನ ಲೀಗಿನಲ್ಲಿ ಹನ್ನೆರಡು ಜನರ ಪಟ್ಟಿಯಲ್ಲಿ ಆರು ಜನ ಜರ್ಮನ್ನರೇ ಇರಬೇಕು. ಉಳಿದ ಜಾಗಕ್ಕೆ ಅಮೆರಿಕದ ಕಾಲೇಜುಗಳಲ್ಲಿ ನಾಲ್ಕು ವರ್ಷ ಆಡಿ ಬಂದವರ ನೂಕುನುಗ್ಗಲು. ಮೂರು ನಿಮಿಷದ ರೀಲ್ ನೋಡಿ ಯಾವ ಕೋಚೂ ಆ ಜಾಗ ಕೊಡಲ್ಲ. ಪೂರ್ತಿ ಮ್ಯಾಚಿನ ವಿಡಿಯೋ ಕೇಳ್ತಾರೆ, ಅಂಕಿಅಂಶ ಕೇಳ್ತಾರೆ, ನಿಮ್ಮ ಕೋಚಿಗೆ ಫೋನ್ ಮಾಡ್ತಾರೆ. ಇವನು ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಪಾಸ್‌ಪೋರ್ಟ್ ಮತ್ತು ದುಡ್ಡು.

ಪತ್ರ ಬಂದ ಕೂಡಲೇ ಅದರಲ್ಲಿರೋ ನಂಬರಿಗೆ ಅಲ್ಲ, ಆ ದೇಶದ ಫೆಡರೇಷನ್ ಅಥವಾ ಲೀಗಿನ ವೆಬ್‌ಸೈಟಿನಲ್ಲಿರೋ ಕ್ಲಬ್ ವಿಳಾಸಕ್ಕೆ ಮೇಲ್ ಮಾಡಿ ಕೇಳಿ. ಕ್ಲಿಯರೆನ್ಸ್ ಕೋರಿಕೆ ಬಂದಿದೆಯಾ ಅಂತ ರಾಜ್ಯ ಸಂಸ್ಥೆಯ ಮೂಲಕ ಬಿಎಫ್‌ಐನಲ್ಲಿ ವಿಚಾರಿಸಿ, ಬರುವ ತನಕ ಟಿಕೆಟ್ ಬುಕ್ ಮಾಡಬೇಡಿ. ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಅಮೆರಿಕಕ್ಕೆ ಹೋಗುವ ಆಸೆ ಇದ್ದವರು ಇಂಥ ಯಾವ ಪ್ರೊ ಕಾಗದಕ್ಕೂ ಸಹಿ ಹಾಕಬೇಡಿ, ಮುಂದೆ ಅದೇ ಕಂಟಕ ಆಗಬಹುದು. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಅಂತ ಸುಮ್ಮನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ. ಈ ಮನೆಯವರು ಊರವರಿಗೆ ಗೊತ್ತಾಗುತ್ತೆ ಅಂತ ಹೆದರಿ ತಡಮಾಡಿದರು, ಅಷ್ಟರಲ್ಲಿ ಖಾತೆ ಖಾಲಿ. ಚಾಟ್, ವಾಯ್ಸ್ ಮೆಸೇಜ್, ಹಣ ಕಳಿಸಿದ ರಸೀದಿ ಅಳಿಸಬೇಡಿ.

ಯುರೋಪಿನ ಕ್ಲಬ್ಬುಗಳು ತಂಡ ಕಟ್ಟುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಇವರ ಮೆಸೇಜ್‌ಗಳು ಬರುವುದೂ ಆಗಲೇ. ಖಾತೆಯ ಹೆಸರು ಬದಲಾಗಿರುತ್ತೆ, ಫೋಟೋ ಬದಲಾಗಿರುತ್ತೆ. “ನಿನ್ನಂಥ ಫಾರ್ವರ್ಡ್ ಅರ್ಜೆಂಟಾಗಿ ಬೇಕು, ಇವತ್ತೇ ರಿಜಿಸ್ಟ್ರೇಷನ್ ಕಟ್ಟಿದರೆ ಜಾಗ ಹಿಡಿದಿಡ್ತೀನಿ” ಅನ್ನೋ ಸಾಲು ಮಾತ್ರ ಅದೇ ಇರುತ್ತೆ. ಬಂದರೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಟೀಮಿನ ಗ್ರೂಪಿಗೆ ಹಾಕಿ, ಮಿಕ್ಕವರಿಗೂ ಗೊತ್ತಾಗಲಿ.