ಕೊಂಡು ತಂದ ವಿಳಾಸಗಳಿಗೆ ನಿಮ್ಮ ಡೊಮೇನಿನಿಂದ ಇಮೇಲ್ ಹೋಗಲು ಬಿಡಬೇಡಿ

ಸಣ್ಣ ಉದ್ಯಮ ನಡೆಸುವವರು ಇಮೇಲ್ ಪ್ರಚಾರವನ್ನು ಹೊರಗಿನವರಿಗೆ ಒಪ್ಪಿಸುವ ಮುನ್ನ ನಮಗಾದ ನಷ್ಟವನ್ನು ತಿಳಿದುಕೊಂಡಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾವು ಗೊತ್ತುಮಾಡಿದ ಸಂಸ್ಥೆ ಆರಂಭದಲ್ಲಿ ಒಳ್ಳೆಯ ಕೆಲಸವನ್ನೇ ಮಾಡಿತು. ನಮ್ಮ ಬರಹ ಸರಳವಾಯಿತು, ಶೀರ್ಷಿಕೆಗಳು ಸ್ಪಷ್ಟವಾದವು. ಆನಂತರ ಅವರು ನಮ್ಮ ಗ್ರಾಹಕರ ಪಟ್ಟಿ ತೀರಾ ಚಿಕ್ಕದೆಂದು ಹೇಳಿ, ತಮ್ಮ ಬಳಿಯಿದ್ದ ಸಾವಿರಾರು ವಿಳಾಸಗಳನ್ನು ಅದಕ್ಕೆ ಸೇರಿಸಿ, ನಮ್ಮದೇ ಡೊಮೇನಿನಿಂದ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಒಂದೇ ದಿನ ಎಲ್ಲರಿಗೂ ಇಮೇಲ್ ಕಳುಹಿಸಿದರು. ಆ ವಿಳಾಸಗಳು ಎಲ್ಲಿಂದ ಬಂದವು, ನಮ್ಮಿಂದ ಪತ್ರ ಪಡೆಯಲು ಅವರಲ್ಲಿ ಯಾರಾದರೂ ಒಪ್ಪಿದ್ದರೇ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಕೈಗೆ ಬಂದ ವರದಿಯಲ್ಲಿ ಇಮೇಲ್ ತೆರೆದವರ ಸಂಖ್ಯೆ ಏರಿತ್ತು. ಪತ್ರದಲ್ಲಿನ ಚಿತ್ರವೊಂದು ಲೋಡ್ ಆದರೆ ಅದನ್ನೇ ತೆರೆದಂತೆ ಎಣಿಸಲಾಗುತ್ತದೆ. ಆದರೆ 2021ರಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿರುವ ಗೋಪ್ಯತಾ ಸೌಲಭ್ಯವು ಓದುಗರು ಪತ್ರವನ್ನು ತೆರೆಯದಿದ್ದರೂ ಅದರ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುವುದರಿಂದ, ಆ ಸಂಖ್ಯೆಯನ್ನು ನಂಬುವಂತಿಲ್ಲ. ನಿಜವಾದ ಹಾನಿ ಕಂಡದ್ದು ಬೇರೆ ಕಡೆ. ಹಳೆಯ ಗ್ರಾಹಕರು ಕೊಟೇಶನ್ ಬಂದಿಲ್ಲವೆಂದರು, ಬಿಲ್ ತಲುಪಿಲ್ಲವೆಂದರು; ಹುಡುಕಿದಾಗ ಅವೆಲ್ಲವೂ ಸ್ಪ್ಯಾಮ್ ಫೋಲ್ಡರಿನಲ್ಲಿದ್ದವು. ವರ್ಷಗಳಿಂದ ನಮ್ಮೊಂದಿಗಿದ್ದ ಒಬ್ಬರು, ನಾವು ಉತ್ತರಿಸಲೇ ಇಲ್ಲವೆಂದು ಭಾವಿಸಿ, ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.

ಇಮೇಲ್ ಸೇವೆಗಳು ಪತ್ರದ ಒಕ್ಕಣೆಗಿಂತ ಹೆಚ್ಚಾಗಿ ಕಳುಹಿಸುವ ಡೊಮೇನಿನ ನಡವಳಿಕೆಯನ್ನು ನೋಡುತ್ತವೆ. ಕೊಂಡ ಪಟ್ಟಿಗಳಲ್ಲಿ ಸತ್ತ ವಿಳಾಸಗಳಿರುತ್ತವೆ. ಅಪ್ಪಣೆಯಿಲ್ಲದೆ ಕಳುಹಿಸುವವರನ್ನು ಹಿಡಿಯಲೆಂದೇ ಇಟ್ಟ, ಸ್ಪ್ಯಾಮ್ ಟ್ರ್ಯಾಪ್ ಎನ್ನಲಾಗುವ ವಿಳಾಸಗಳೂ ಇರಬಹುದು. ಜಿಮೇಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಸ್ಪ್ಯಾಮ್ ದೂರುಗಳ (ಪತ್ರ ಪಡೆದವರು ಅದನ್ನು ಸ್ಪ್ಯಾಮ್ ಎಂದು ಗುರುತಿಸುವುದು) ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಅಂದರೆ ಸಾವಿರ ಪತ್ರಗಳಿಗೆ ಮೂರು ದೂರು ಬಂದರೂ ಅಪಾಯವೇ. ಕಳುಹಿಸುವವರ ಗುರುತನ್ನು ದೃಢಪಡಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ತಾಂತ್ರಿಕ ವ್ಯವಸ್ಥೆಗಳು ಸರಿಯಾಗಿವೆ, ಹೆದರಬೇಡಿ ಎಂದು ಆ ಸಂಸ್ಥೆಯವರು ಹೇಳಿದ್ದರು. ಅವು ಸರಿಯಾಗಿಯೇ ಇದ್ದವು. ಆದರೆ ಅವು ಪತ್ರ ನಮ್ಮಿಂದ ಬಂದದ್ದೆಂದು ಸಾಬೀತುಪಡಿಸುತ್ತವೆಯೇ ಹೊರತು, ಅದು ಯಾರಿಗಾದರೂ ಬೇಕಿತ್ತೆಂದು ಅಲ್ಲ. ಹಾಗಾಗಿ ಪ್ರತಿಯೊಂದು ದೂರೂ ನೇರವಾಗಿ ನಮ್ಮ ಹೆಸರಿಗೇ ಬಿತ್ತು. ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಅವರು ಮಸುಕಾದ ಸಣ್ಣ ಅಕ್ಷರಗಳಲ್ಲಿ ಅಡಗಿಸಿದ್ದರಿಂದ, ಬೇಡವೆಂದವರಿಗೆ ಸ್ಪ್ಯಾಮ್ ಗುಂಡಿಯೇ ಸುಲಭದ ದಾರಿಯಾಯಿತು.

ನಾವು ಪ್ರಚಾರವನ್ನು ಪೂರ್ತಿ ನಿಲ್ಲಿಸಿ, ಗ್ರಾಹಕರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ತಿಳಿಸಿದೆವು. ಪ್ರಚಾರಕ್ಕೆ ನಮ್ಮ ಡೊಮೇನಿನ ಅಡಿಯಲ್ಲೇ ಪ್ರತ್ಯೇಕ ಹೆಸರನ್ನು, ಅಂದರೆ ಸಬ್‌ಡೊಮೇನ್ ಮಾಡಿಕೊಂಡು, ಇತ್ತೀಚೆಗೆ ನಮ್ಮೊಡನೆ ವ್ಯವಹರಿಸಿದವರಿಗೆ ಮಾತ್ರ ಸ್ವಲ್ಪಸ್ವಲ್ಪವಾಗಿ ಕಳುಹಿಸತೊಡಗಿದೆವು. ನಮ್ಮ ಬಿಲ್ಲುಗಳು ಮತ್ತೆ ಇನ್‌ಬಾಕ್ಸ್ ತಲುಪಲು ತಿಂಗಳುಗಳೇ ಹಿಡಿದವು.

ಇನ್ನೊಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದನ್ನು ಸರಿಪಡಿಸಲು ನಮ್ಮಿಂದ ಇಂದಿಗೂ ಆಗಿಲ್ಲ. ಇಮೇಲ್ ಕಳುಹಿಸುವ ಖಾತೆ ಆ ಸಂಸ್ಥೆಯ ಹೆಸರಿನಲ್ಲಿತ್ತು. ಸಂಬಂಧ ಮುರಿದಾಗ ನಮ್ಮ ಪತ್ರಗಳು ಬೇಡವೆಂದು ಹೇಳಿದವರ ಪಟ್ಟಿಯೂ ಅವರಲ್ಲೇ ಉಳಿಯಿತು. ನಿಮ್ಮ ಒಪ್ಪಂದದಲ್ಲಿ ಖಾತೆ ನಿಮ್ಮ ಹೆಸರಿನಲ್ಲಿರಬೇಕೆಂದು, ಆ ಪಟ್ಟಿ ನಿಮಗೇ ಸೇರಬೇಕೆಂದು ಮೊದಲೇ ಬರೆಸಿಕೊಳ್ಳಿ. ನಮ್ಮ ಹಳೆಯ ಗ್ರಾಹಕರಲ್ಲಿ ಯಾರು ಬೇಡವೆಂದಿದ್ದರೆಂದು ತಿಳಿಯದ ಕಾರಣ, ಈಗ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಹೊಸದಾಗಿ ಕೇಳುತ್ತಿದ್ದೇವೆ.