ಬ್ಲೋವರ್‌ಗೆ ನೂರು ಅಂಕ, ಅದನ್ನು ಕೂರಿಸಿದವರಿಗೆ ಸೊನ್ನೆ

ವ್ಯಾನ್ ಒಳಗೆ ಕೂರಿಸಿದ ಕಾರ್ಪೆಟ್ ಕ್ಲೀನಿಂಗ್ ಮಷೀನ್ ಇದು. ಇಂಜಿನ್ ಎಷ್ಟು ಎಚ್‌ಪಿ, ನೀರು ಎಷ್ಟು ಬಿಸಿಯಾಗುತ್ತದೆ, ಪ್ರೆಶರ್ ಎಷ್ಟು ಅನ್ನೋದೆಲ್ಲ ಬ್ರೋಷರ್‌ನಲ್ಲೇ ಇದೆ. ಕೊಳ್ಳಬೇಕು ಅಂತ ಓಡಾಡುತ್ತಿರುವವರಿಗೆ ಅದು ಬಾಯಿಪಾಠ ಆಗಿರುತ್ತದೆ, ಅದನ್ನು ಬಿಡೋಣ. ವರ್ಷಗಟ್ಟಲೆ ದುಡಿಸಿದ ಮೇಲೆ ನನಗೆ ಬರೆಯಬೇಕು ಅನ್ನಿಸಿದ್ದು ಒಂದೇ ಭಾಗದ ಬಗ್ಗೆ. ವ್ಯಾಕ್ಯೂಮ್ ಬ್ಲೋವರ್. ಕಾರ್ಪೆಟ್‌ನಿಂದ ಕೊಳೆ ನೀರು ಎಳೆಯೋದು ಅದೇ, ಕೆಟ್ಟರೆ ಕೆಲಸ ಪೂರ್ತಿ ನಿಲ್ಲೋದೂ ಅದರಿಂದಲೇ, ಮಷೀನ್‌ನಲ್ಲಿ ಕೈ ಸುಡುವಷ್ಟು ದುಬಾರಿ ಬಿಡಿಭಾಗಗಳಲ್ಲಿ ಅದೂ ಒಂದು.

ಮೊದಲು ಹೊಗಳಿಬಿಡುತ್ತೇನೆ. ಇದು ರೂಟ್ಸ್ ಮಾದರಿಯ ಬ್ಲೋವರ್. ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್ ಊರಿನ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ತೆಗೆದುಕೊಂಡ ವಿನ್ಯಾಸ, ಇವತ್ತಿಗೂ ಮೂಲ ಲೆಕ್ಕ ಬದಲಾಗಿಲ್ಲ. ಬೀಡು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಇಂಗ್ಲಿಷ್ 8ರ ಆಕಾರದ ಎರಡು ಲೋಬ್, ಅಂದರೆ ಗಾಳಿ ತಳ್ಳುವ ತಿರುಗುಗಟ್ಟಿಗಳು. ಎರಡೂ ಎದುರುಬದುರಾಗಿ ತಿರುಗುತ್ತವೆ, ಆದರೆ ಒಂದಕ್ಕೊಂದು ತಾಗುವುದೇ ಇಲ್ಲ. ನಡುವೆ ಇರುವ ಸಂದು ಇಂಚಿನ ಸಾವಿರದಲ್ಲಿ ಕೆಲವು ಭಾಗ ಅಷ್ಟೇ, ಆ ಸಂದನ್ನು ಕಾಯೋದು ಎರಡನ್ನೂ ಒಂದೇ ತಾಳದಲ್ಲಿ ತಿರುಗಿಸುವ, ಪಕ್ಕದಲ್ಲಿರುವ ಟೈಮಿಂಗ್ ಗೇರ್‌ಗಳು. ತಾಗದ ಮೇಲೆ ಸವೆಯುವುದಾದರೂ ಎಲ್ಲಿಂದ? ಹಾಗಾಗಿ ಲೋಬ್ ತಿರುಗುವ ಜಾಗಕ್ಕೆ ಆಯಿಲ್ ಬೇಡ. ಗೇರ್‌ಗೆ ಆಯಿಲ್, ನನ್ನ ಮಾಡೆಲ್‌ನಲ್ಲಿ ಪುಲ್ಲಿ ಕಡೆಯ ಬೇರಿಂಗ್‌ಗೆ ಗ್ರೀಸ್, ದಿನದ ಕೊನೆಗೆ ಒಂದು ಸ್ಪ್ರೇ. ಬ್ಲೋವರ್ ಕೇಳೋದು ಇಷ್ಟೇ.

ಆ ಸ್ಪ್ರೇ ವಿಷಯ ಹೇಳಲೇಬೇಕು, ಯಾಕಂದರೆ ಇಡೀ ದಿನದಲ್ಲಿ ನನಗೆ ಇಷ್ಟದ ಐದು ನಿಮಿಷ ಅದು. ಕೊನೆಯ ಮನೆ ಮುಗಿದು, ಹೋಸ್ ಸುತ್ತಿ, ವೇಸ್ಟ್ ಟ್ಯಾಂಕ್ ಖಾಲಿ ಮಾಡಿದ ಮೇಲೂ ಇಂಜಿನ್ ಆಫ್ ಮಾಡುವುದಿಲ್ಲ. ಹೋಸ್ ಹಾಕುವ ಬಾಯಿ ತೆರೆದಿಟ್ಟು ಸ್ವಲ್ಪ ಹೊತ್ತು ಬರೀ ಗಾಳಿ ಎಳೆಯಲು ಬಿಡುತ್ತೇನೆ. ಒಳಗಿನ ತೇವ ಅದರಲ್ಲೇ ಆರುತ್ತದೆ. ಮೊದಲು ಗೊರಗೊರ ಅನ್ನುವ ಸದ್ದು ನಿಧಾನವಾಗಿ ಒಣ ಸದ್ದಾಗುತ್ತದೆ, ಕಿವಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಇಂಜಿನ್ ಐಡಲ್‌ಗೆ ಇಳಿಸಿ, ಬಾಯಿ ಮುಚ್ಚಿ, ಎಣ್ಣೆ ಹೊಡೆಯುವ ತೂತಿನ, ಅಂದರೆ ಲ್ಯೂಬ್ ಪೋರ್ಟ್‌ನ, ಕ್ಯಾಪ್ ತೆಗೆದು ತುಕ್ಕು ತಡೆಯುವ ತೆಳು ಎಣ್ಣೆ, ಡಬ್ಲ್ಯೂಡಿ-40 ತರಹದ್ದು, ಒಂದೈದಾರು ಸೆಕೆಂಡ್ ಹೊಡೆಯುತ್ತೇನೆ. ಬ್ಲೋವರ್ ಅದನ್ನು ಸರ್ರನೆ ಒಳಗೆಳೆದುಕೊಳ್ಳುತ್ತದೆ. ಎಕ್ಸಾಸ್ಟ್‌ನಿಂದ ಬಿಳಿ ಹೊಗೆ ಒಂದು ಸುತ್ತು ಬಂದು ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು. ಇದನ್ನು ಬಯಲಲ್ಲೇ ಮಾಡಿ, ಗ್ಯಾರೇಜ್ ಒಳಗೆ ಬೇಡ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಬೇಡಿ. ಬೀಡು ಕಬ್ಬಿಣ, ಅದರ ಮೇಲೆ ತೇವ, ಜೊತೆಗೆ ಕ್ಲೀನಿಂಗ್ ಕೆಮಿಕಲ್‌ನ ಉಳಿಕೆ. ರಾತ್ರಿ ಬೆಳಗಾಗುವುದರಲ್ಲಿ ತುಕ್ಕಿನ ಪದರ ಶುರುವಾಗುತ್ತದೆ. ಸಂದು ಇರುವುದೇ ಕೂದಲೆಳೆಯಷ್ಟು, ತುಕ್ಕು ಅದನ್ನು ತುಂಬಲು ಎಷ್ಟು ಹೊತ್ತು? ವಾರಗಟ್ಟಲೆ ಸುಮ್ನೆ ನಿಂತ ಗಾಡಿಗಳಲ್ಲಿ ಬ್ಲೋವರ್ ಜಾಮ್ ಆಗೋದು ಹೀಗೇ. ಜಾಮ್ ಆದರೆ ಇಂಜಿನ್ ಸ್ಟಾರ್ಟ್ ಮಾಡಿ ಬಿಡಿಸಲು ಹೋಗಬೇಡಿ. ಬೆಲ್ಟ್ ಬಿಚ್ಚಿ, ಒಳಗೆ ತುಕ್ಕು ಸಡಿಲಿಸುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ನೆನೆಯಲು ಬಿಟ್ಟು, ಪುಲ್ಲಿಯನ್ನು ಕೈಯಿಂದ ಹಿಂದೆ ಮುಂದೆ ಆಡಿಸಬೇಕು, ತಾಳ್ಮೆಯಿಂದ.

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ, ಅಲ್ವಾ? ಈಗ ಆಯಿಲ್‌ಗೆ ಬರೋಣ.

ನನ್ನ ಬ್ಲೋವರ್‌ನ ಮ್ಯಾನ್ಯುವಲ್ ಪ್ರಕಾರ ಮೊದಲ ಆಯಿಲ್ ಬದಲಾವಣೆ 100 ಗಂಟೆಗೆ, ಆಮೇಲೆ 1000 ಗಂಟೆಗೊಮ್ಮೆ. ಹೆಚ್ಚು ಬಿಸಿಯಲ್ಲಿ ಓಡುವುದಾದರೆ ಇನ್ನೂ ಬೇಗ. ಲೆವೆಲ್ ಮಾತ್ರ ದಿನಾ ನೋಡಬೇಕು, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತು ಬ್ಲೋವರ್ ಆಫ್ ಆಗಿರುವಾಗ. ಬ್ಲೋವರ್ ಮಾಡಿದವರು ಅದಕ್ಕಾಗಿ ಅಚ್ಚುಕಟ್ಟಾದ ಸೈಟ್ ಗ್ಲಾಸ್, ಅಂದರೆ ಒಳಗಿನ ಆಯಿಲ್ ಕಾಣುವ ಗಾಜಿನ ಕಿಂಡಿ, ಇಟ್ಟಿದ್ದಾರೆ. ಅದನ್ನು ಕೊಂಡು ತಂದು ಮಷೀನ್ ಜೋಡಿಸಿದ ಪುಣ್ಯಾತ್ಮರು ಆ ಗ್ಲಾಸನ್ನು ಹೀಟ್ ಎಕ್ಸ್‌ಚೇಂಜರ್ ಕಡೆಗೆ ತಿರುಗಿಸಿ ಕೂರಿಸಿದ್ದಾರೆ! ಬ್ಲೋವರ್‌ನ ಬಿಸಿ ಗಾಳಿಯಿಂದಲೇ ನೀರು ಕಾಯಿಸುವ ಪೆಟ್ಟಿಗೆ ಅದು. ಕೆಲಸ ಮುಗಿದ ಮೇಲೂ ತುಂಬಾ ಹೊತ್ತು ಕೆಂಡದಂತಿರುತ್ತದೆ. ಗ್ಲಾಸ್ ನೋಡಲು ಕನ್ನಡಿ ಬೇಕು, ಟಾರ್ಚ್ ಬೇಕು, ತಲೆಯನ್ನು ವ್ಯಾನ್‌ನ ಗೋಡೆಗೆ ಒತ್ತಿ ಹಿಡಿಯಬೇಕು. ದಿನಾ ಯಾರು ಮಾಡುತ್ತಾರೆ ಹೇಳಿ?

ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಪ್ಲಗ್ ಕಥೆ ಇನ್ನೂ ಚೆನ್ನ. ಪ್ಲಗ್‌ನ ನೇರ ಕೆಳಗೆ ಫ್ರೇಮಿನ ಅಡ್ಡಪಟ್ಟಿ ಬರುತ್ತದೆ. ಸ್ಪ್ಯಾನರ್ ಒಂದು ಹಲ್ಲಿನಷ್ಟು ತಿರುಗುತ್ತದೆ, ತೆಗೆದು ಮತ್ತೆ ಹಾಕಬೇಕು, ಮತ್ತೆ ಒಂದು ಹಲ್ಲು. ಕೊನೆಗೆ ಪ್ಲಗ್ ಬಿಚ್ಚಿಕೊಂಡಾಗ ಆಯಿಲ್ ತಟ್ಟೆಗೆ ಬೀಳದೆ ಆ ಪಟ್ಟಿಯ ಮೇಲೆ ಬಿದ್ದು, ಅಲ್ಲಿಂದ ಹರಿದು ವ್ಯಾನ್ ಮ್ಯಾಟ್ ಪೂರ್ತಿ ನೆನೆಸುತ್ತದೆ. ತೆಗೆದ ಆಯಿಲ್‌ನಿಂದ ಎಷ್ಟೋ ತಿಳಿಯುತ್ತದೆ ಅನ್ನೋದು ಗೊತ್ತಿದ್ದವರಿಗೆ ಗೊತ್ತು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಮಿಣಮಿಣ ಪುಡಿ ಇದ್ದರೆ ಗೇರ್ ಅಥವಾ ಬೇರಿಂಗ್ ಸವೆಯುತ್ತಿದೆ. ಮ್ಯಾಟ್ ಮೇಲೆ ಹರಡಿದ ಆಯಿಲ್‌ನಲ್ಲಿ ಏನು ಓದೋದು? ಡೀಲರ್‌ಗೆ ಫೋನ್ ಮಾಡಿ ಕೇಳಿದರೆ 'ಸರ್, ಎಲ್ಲರ ಮಷೀನೂ ಹಾಗೇ ಬರೋದು' ಅಂದರು. ಅದೇ ನನ್ನ ದೂರು ಮಾರಾಯ್ರೇ!

ಬೇರೆಯವರ ಗಾಡಿಗಳಲ್ಲಿ ಬ್ಲೋವರ್ ಹೋದ ಕಥೆ ಕೇಳಿದಾಗೆಲ್ಲ ಈಗ ನನಗೆ ಈ ಜಾಗವೇ ನೆನಪಾಗುತ್ತದೆ. ಕಣ್ಣಿಗೆ ಕಾಣದ ಆಯಿಲನ್ನು ಯಾರೂ ನೋಡುವುದಿಲ್ಲ. ಕೆಲವರು ಯಾವುದಕ್ಕೂ ಇರಲಿ ಅಂತ ಜಾಸ್ತಿ ಸುರಿದುಬಿಡುತ್ತಾರೆ, ಅದು ಇನ್ನೂ ತಪ್ಪು. ಲೆವೆಲ್ ಹೆಚ್ಚಾದರೆ ಗೇರ್‌ಗಳು ಆಯಿಲನ್ನು ಕಡೆದು ಬಿಸಿ ಮಾಡುತ್ತವೆ, ಸೀಲ್ ದಾಟಿ ಆಯಿಲ್ ಲೋಬ್ ಕಡೆ ಹೋಗಿ ಎಕ್ಸಾಸ್ಟ್‌ನಲ್ಲಿ ಹೊಗೆ ಏಳುತ್ತದೆ. ಆಮೇಲೆ ಬ್ಲೋವರ್ ಸರಿಯಿಲ್ಲ ಅಂತ ಕಂಪನಿಯನ್ನು ಬೈಯುವುದು.

ನಾನು ಕೊನೆಗೆ ಡ್ರೇನ್ ಪ್ಲಗ್ ಜಾಗಕ್ಕೆ ಒಂದು ಎಲ್ಬೋ, ಅದಕ್ಕೆ ಆಯಿಲ್ ಮತ್ತು ಬಿಸಿ ತಡೆಯುವ ಹೋಸ್, ತುದಿಗೆ ಬಾಲ್ ವಾಲ್ವ್, ಅದರ ಬಾಯಿಗೆ ಮತ್ತೊಂದು ಪ್ಲಗ್ ಹಾಕಿಸಿಕೊಂಡೆ. ವ್ಯಾನ್ ಬಾಗಿಲ ಹತ್ತಿರವೇ ನಿಂತು ಆಯಿಲ್ ಇಳಿಸಬಹುದು. ಖರ್ಚು ಜುಜುಬಿ. ಇದನ್ನು ಫ್ಯಾಕ್ಟರಿಯಲ್ಲೇ ಹಾಕಿದ್ದರೆ ಈ ವಿಮರ್ಶೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದಾದ ಮೇಲೆ ನನ್ನ ಕೋಪ ಸ್ವಲ್ಪ ಇಳಿದಿದೆ ಅನ್ನೋದನ್ನೂ ಹೇಳಬೇಕು. ಆಯಿಲ್ ಬದಲಿಸುವುದು ಈಗ ಟೀ ಆರುವುದರೊಳಗೆ ಮುಗಿಯುವ ಕೆಲಸ, ಬಿಸಿ ಬಿಸಿ ಇರುವಾಗಲೇ ಇಳಿಸುತ್ತೇನೆ, ತಳದ ಕೊಳೆಯೂ ಜೊತೆಗೇ ಬರುತ್ತದೆ.

ನೊರೆಯ ಬಗ್ಗೆ ಎರಡು ಮಾತು, ಯಾಕಂದರೆ ಹೊಸಬರು ಫ್ಲೋಟ್ ಇದೆ ಅಂತ ನೆಮ್ಮದಿಯಾಗಿರುತ್ತಾರೆ. ವೇಸ್ಟ್ ಟ್ಯಾಂಕ್ ತುಂಬಿದರೆ ಫ್ಲೋಟ್ ಎದ್ದು ಮಷೀನ್ ನಿಲ್ಲಿಸುತ್ತದೆ, ನಿಜ. ಆದರೆ ಅದು ನೀರಿಗೆ ಏಳುತ್ತದೆ, ನೊರೆಗೆ ಏಳುವುದಿಲ್ಲ. ಹಿಂದೆ ಯಾರೋ ಶಾಂಪೂ ಹಾಕಿ ತೊಳೆಯದೆ ಬಿಟ್ಟ ಕಾರ್ಪೆಟ್ ಸಿಕ್ಕಿತೋ, ಟ್ಯಾಂಕ್ ತುಂಬ ನೊರೆ ಎದ್ದು ಫಿಲ್ಟರ್ ದಾಟಿ ನೇರ ಬ್ಲೋವರ್‌ಗೆ ಹೋಗುತ್ತದೆ. ನೊರೆ ಅಡಗಿಸುವ ಡಿಫೋಮರ್ ಹಾಕುವುದರಲ್ಲಿ ಜಿಪುಣತನ ಬೇಡ. ಎಕ್ಸಾಸ್ಟ್‌ನಿಂದ ಮಂಜಿನಂತೆ ತೇವ ಬಂದರೆ ಅಲ್ಲೇ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿ, ಬ್ಲೋವರ್ ಒಣಗಿಸಿ, ಆ ದಿನ ಸ್ಪ್ರೇ ಎರಡು ಸಲ ಹೊಡೆಯಿರಿ.

ವ್ಯಾಕ್ಯೂಮ್ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ನನಗೆ ತೊಂದರೆ ಕೊಟ್ಟಿಲ್ಲ. ಬಾಯಿಗಳನ್ನೆಲ್ಲ ಮುಚ್ಚಿದಾಗ ವ್ಯಾಕ್ಯೂಮ್ ಗೇಜ್ ಪಾದರಸದ 12 ಇಂಚಿಗೆ ಬಂದು ನಿಲ್ಲುತ್ತದೆ, ವಾಲ್ವ್ ಉಸ್ ಅಂತ ತೆರೆಯುತ್ತದೆ. ಹೆಚ್ಚು ಎಳೆಯಲಿ ಅಂತ ಅದರ ಸ್ಪ್ರಿಂಗ್ ಬಿಗಿ ಮಾಡುವವರಿದ್ದಾರೆ. ವ್ಯಾಕ್ಯೂಮ್ ಏರಿದಷ್ಟೂ ಬಿಸಿ ಏರುತ್ತದೆ, ಬಿಸಿಗೆ ಲೋಬ್ ಹಿಗ್ಗುತ್ತದೆ, ಇರುವ ಸಂದು ಮಾಯವಾಗುತ್ತದೆ. ಆ ಕೆರೆದ ಸದ್ದು ಒಮ್ಮೆ ಕೇಳಿದವರು ಸ್ಪ್ರಿಂಗ್ ಮುಟ್ಟುವುದಿಲ್ಲ.

ತಗೊಳ್ಳಬಹುದಾ ಅಂದರೆ, ಈ ಬ್ಲೋವರ್ ಇರುವ ಮಷೀನನ್ನು ಧೈರ್ಯವಾಗಿ ತಗೊಳ್ಳಿ. ಆದರೆ ಶೋರೂಮ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿ ಅನ್ನುವ ಮುಂಚೆ ಪಕ್ಕದ ಪ್ಯಾನೆಲ್ ಬಿಚ್ಚಿಸಿ. ಸೈಟ್ ಗ್ಲಾಸ್ ನಿಂತಲ್ಲಿಂದಲೇ ಕಾಣುತ್ತದಾ, ಡ್ರೇನ್ ಪ್ಲಗ್‌ಗೆ ಸ್ಪ್ಯಾನರ್ ಪೂರ್ತಿ ತಿರುಗುತ್ತದಾ ನೋಡಿ. ಗ್ರೀಸ್ ಗನ್ ಕೂಡ ಜೊತೆಗೆ ಒಯ್ಯಿರಿ, ನಾಚಿಕೆ ಬೇಡ. ನನ್ನದರಲ್ಲಿ ಪುಲ್ಲಿ ಕಡೆ ಗ್ರೀಸ್ ತುಂಬುವ ನಿಪ್ಪಲ್ ಎರಡಿವೆ. ಒಂದಕ್ಕೆ ಗನ್ ಸಲೀಸಾಗಿ ಕೂರುತ್ತದೆ. ಇನ್ನೊಂದು ಬೆಲ್ಟ್ ಗಾರ್ಡ್ ಹಿಂದಿದೆ, ಗಾರ್ಡ್‌ನ ಬೋಲ್ಟ್‌ಗಳನ್ನೆಲ್ಲ ಬಿಚ್ಚದೆ ಅದಕ್ಕೆ ಗ್ರೀಸ್ ಮುಟ್ಟುವುದಿಲ್ಲ. ಅದಕ್ಕೆ ನನಗೆ ಇನ್ನೂ ದಾರಿ ಸಿಕ್ಕಿಲ್ಲ, ಯಾರಾದರೂ ಉದ್ದದ ಪೈಪ್ ಎಳೆದು ಹೊರಗೆ ತಂದಿದ್ದರೆ ಕೆಳಗೆ ಬರೆಯಿರಿ.