ಕ್ಯಾರಲ್ ತಂಡಕ್ಕೆ ಟ್ರಾಲಿ ಸ್ಪೀಕರ್: 8 ಇಂಚೇ ಸಾಕು

ದಾವಣಗೆರೆಯ ಅಂಗಡಿಗಳಲ್ಲಿ ಟ್ರಾಲಿ ಸ್ಪೀಕರ್ (ಚಕ್ರ, ಬ್ಯಾಟರಿ ಇರುವ, ಎಳೆದೊಯ್ಯುವ ಸ್ಪೀಕರ್ ಪೆಟ್ಟಿಗೆ) ಕೇಳಿದರೆ ಮೊದಲು ಮುಂದಕ್ಕೆಳೆದು ತೋರಿಸುವುದು 12 ಇಲ್ಲವೇ 15 ಇಂಚಿನದನ್ನು. ಇಂಚು ಎಂದರೆ ಒಳಗಿನ ದುಂಡು ಸ್ಪೀಕರಿನ ಅಗಲ. ಮದುವೆ ಡ್ಯಾನ್ಸಿಗೆ ಅದು ಸರಿ. ಕ್ರಿಸ್‌ಮಸ್ ಕ್ಯಾರಲ್ ಹಾಡುತ್ತ ಮನೆಮನೆ ತಿರುಗುವ ಹತ್ತು ಹದಿನೈದು ಜನರ ತಂಡಕ್ಕೆ ಬರೀ ಹೊರೆ. ಓಣಿಯಲ್ಲಿ ಕೇಳಬೇಕಾದ್ದು ಹಾಡಿನ ಮಾತು, ದೊಡ್ಡ ಪೆಟ್ಟಿಗೆ ಕೊಡುವುದು ಗುಡುಗು. 8 ಇಂಚಿನದರಲ್ಲಿ ದನಿ ಬಿಡಿಬಿಡಿಯಾಗಿ ಕೇಳುತ್ತದೆ, ಚರಂಡಿ ಚಪ್ಪಡಿ ದಾಟಿಸುವಾಗ ಒಬ್ಬರೇ ಎತ್ತಬಹುದು. ಎತ್ತಲೇಬೇಕಾಗುತ್ತದೆ ಕೂಡ: ಅಂಗಡಿಯ ಟೈಲ್ಸ್ ಮೇಲೆ ಸರಾಗ ಓಡುವ ಪ್ಲಾಸ್ಟಿಕ್ ಚಕ್ರ ಕಿತ್ತುಹೋದ ಕಾಂಕ್ರೀಟಿಗೆ ತಡೆಯುವುದಿಲ್ಲ, ಅಚ್ಚೇ ಮುರಿಯುತ್ತದೆ.

ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿಯ ಜಾಹೀರಾತಿನ ಲೆಕ್ಕ) ಎಂದಿದ್ದರೆ ಲೆಕ್ಕಕ್ಕಿಡಬೇಡಿ. ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ನಿಜವಾದ ಶಕ್ತಿ) ಎಷ್ಟೆಂದು ಕೇಳಿ. 20ರಿಂದ 30 ವ್ಯಾಟ್ ಇದ್ದರೆ ಓಣಿಗೆ ಧಾರಾಳ.

ನಿಜವಾಗಿ ನೋಡಬೇಕಾದ್ದು ಬ್ಯಾಟರಿ. ಹೆಚ್ಚಿನವುಗಳಲ್ಲಿ 12 ವೋಲ್ಟಿನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. 7 ಆಂಪಿಯರ್ ಅವರ್ ಇದ್ದರೆ ಒಟ್ಟು 84 ವ್ಯಾಟ್ ಅವರ್. ಮಧ್ಯಮ ಸದ್ದಿನಲ್ಲಿ ಮೂರು ಗಂಟೆ ದಾಟಿಸಬಹುದು. 4.5ರದು ಎರಡು ಗಂಟೆಗೇ ಏದುಸಿರು ಬಿಡುತ್ತದೆ. ಜನವರಿ 6ರ ಮೂರು ರಾಯರ ಹಬ್ಬ ಮುಗಿಸಿ, ಖಾಲಿಯಾದ ಸ್ಪೀಕರನ್ನು ಹಾಗೇ ಮೂಲೆಗೆ ತಳ್ಳಿದರೆ ಮುಂದಿನ ಆಗಮನ ಕಾಲಕ್ಕೆ (ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳು) ಅದು ಏಳುವುದಿಲ್ಲ. ಒಳಗಿನ ಸೀಸದ ಫಲಕಗಳಿಗೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿಡಬೇಕು. ಚಾರ್ಜ್ ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 12.7 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಮುಗಿದ ಹಾಗೆ. ಹೊಸದಕ್ಕೆ ಕಂಪನಿಯ ದಾರಿ ಕಾಯಬೇಕಿಲ್ಲ, ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕುವುದೂ ಇದೇ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಕೆಂಪು ಕಪ್ಪು ವೈರ್ ಅದಲುಬದಲಾದರೆ ಮಾತ್ರ ಬೋರ್ಡ್ ಸುಡುತ್ತದೆ.

ಜೊತೆಗೆ ಬರುವ ಕಾರ್ಡ್‌ಲೆಸ್ ಮೈಕು ಸಾಧಾರಣ. ಎಕೋ ಗುಂಡಿಯನ್ನು ಪೂರ್ತಿ ತಿರುಗಿಸಿ ಮಾರುವವರೇ ಜಾಸ್ತಿ. ಅದನ್ನು ಸೊನ್ನೆಗೆ ತನ್ನಿ. ಎಕೋ ಇದ್ದರೆ ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸುತ್ತವೆ, ಮೈಕ್ ಕೀಂಯ್ ಎಂದು ಕಿರುಚುವುದೂ ಹೆಚ್ಚು. ಹಾಡುವವರು ಸ್ಪೀಕರಿನ ಹಿಂದೆ ನಿಲ್ಲಬೇಕು, ಮುಂದಲ್ಲ. ಟ್ರ್ಯಾಕನ್ನು ಬ್ಲೂಟೂತಿನಲ್ಲಿ ಹಾಕುವುದಾದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆಮೇಲೆ ಬ್ಲೂಟೂತ್ ಮಾತ್ರ ಆನ್ ಮಾಡಿ. ಇಲ್ಲದಿದ್ದರೆ ಹಾಡಿನ ನಡುವೆ ಯಾರದೋ ರಿಂಗ್‌ಟೋನ್ ಇಡೀ ಓಣಿಗೆ ಕೇಳುತ್ತದೆ. ಡಿಸ್ಕೊ ಲೈಟು ಆರಿಸಿಡಿ. ಅದು ಬ್ಯಾಟರಿ ತಿನ್ನುತ್ತದೆ, ಸಾವಾದ ಮನೆ ಮುಂದೆ ನೋಡುವುದಕ್ಕೂ ಚೆನ್ನಾಗಿರುವುದಿಲ್ಲ. ಮಂಡಕ್ಕಿ ಮಿರ್ಚಿ ತಿಂದ ಎಣ್ಣೆಗೈಗೆ ಮೈಕ್ ಕೊಡಬೇಡಿ.

8 ಇಂಚೇ ಸಾಕು ಎನ್ನಲು ಇನ್ನೊಂದು ಕಾರಣ 2000ದ ಶಬ್ದಮಾಲಿನ್ಯ ನಿಯಮಗಳು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಠಾಣೆಗೆ ಕೊಡುವ ಅರ್ಜಿಯಲ್ಲಿ ದಿನಾಂಕ, ಹೋಗುವ ಓಣಿಗಳು, ಸಮಯ, ಜವಾಬ್ದಾರರ ಫೋನ್ ನಂಬರ್ ಬರೆದು, ಸ್ವೀಕೃತಿ ಹಾಕಿಸಿದ ಪ್ರತಿಯನ್ನೂ ಸಿಕ್ಕ ಅನುಮತಿ ಪತ್ರವನ್ನೂ ತಂಡದ ಜೇಬಿನಲ್ಲಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ನಿಷಿದ್ಧ. ಹಬ್ಬಗಳಿಗೆ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹಾಗಾಗಿ ಮಧ್ಯರಾತ್ರಿಯ ಬಲಿಪೂಜೆಗೆ ಹೊರಗಡೆ ಹಾರ್ನ್ ಸ್ಪೀಕರ್ ಕಟ್ಟುವ ಮುಂಚೆ ಆ ವರ್ಷದ ಆದೇಶ ಕೇಳಿಕೊಳ್ಳಿ. ಮುಚ್ಚಿದ ಆವರಣದೊಳಗೆ, ಒಳಗಿನವರಿಗಷ್ಟೇ ಕೇಳುವ ಮೈಕಿಗೆ ಈ ನಿಷೇಧವಿಲ್ಲ. ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಊರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹತ್ತಿರದ ಮನೆಗಳಿದ್ದರೆ ಸ್ಪೀಕರ್ ಆರಿಸಿ ಬರೀ ಗಿಟಾರಿನಲ್ಲಿ ಹಾಡಿ. ಸಂಜೆ 7ಕ್ಕೆ ಹೊರಟರೆ 10ಕ್ಕೆ ಮೂರು ಗಂಟೆ, 7 ಆಂಪಿಯರ್ ಅವರ್ ಬ್ಯಾಟರಿಯೂ ಅಷ್ಟೇ ಹೊತ್ತಿನದು.

ಕೊಳ್ಳುವುದಿದ್ದರೆ ನವೆಂಬರಿನಲ್ಲೇ ಕೊಳ್ಳಿ. ಅಂಗಡಿಯಲ್ಲೇ ಚಾರ್ಜರ್ ಕಿತ್ತು, ಮೈಕ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ನೋಡಿ. ಬ್ಯಾಟರಿಗೆ ಎಷ್ಟು ತಿಂಗಳ ಗ್ಯಾರಂಟಿ ಎಂಬುದನ್ನು ಬಿಲ್ಲಿನ ಮೇಲೆ ಬೇರೆಯಾಗಿ ಬರೆಸಿಕೊಳ್ಳಿ.